ಕಾವಿ ಉಡದ ಶಿಷ್ಯ

ಆಶ್ರಮದ ಅಡಿಗೆ ಭಟ್ಟರು ಫೋನು ಮಾಡಿದಾಗ ನಾನು ಅಂಗಳದಲ್ಲಿ ನಿಂತು ಒಣಗಲು ಕಾಫಿ ಬೀಜ ಹರಡಿಸುತ್ತಿದ್ದೆ. "ಟೀಚರೇ, ನಮ್ಮ ಇಂಜಿನಿಯರು ಹೋಗ್ಬಿಟ್ರು," ಎಂದರು. ಬೆಳಿಗ್ಗೆ ಸ್ನಾನ ಮುಗಿಸಿ ಜಗಲಿಯಲ್ಲಿ ಕೂತವರು ಹಾಗೇ ಗೋಡೆಗೆ ಒರಗಿದರಂತೆ. ಕರೆದರೆ ಮಾತಿಲ್ಲವಂತೆ. ಅಷ್ಟು ಹೇಳಿ ಭಟ್ಟರು ಫೋನು ಮಾಡಿದ ಕಾರಣಕ್ಕೆ ಬಂದರು.

"ಇಲ್ಲಿ ಒಂದು ತೀರ್ಮಾನ ಆಗ್ತಾ ಇಲ್ಲ. ಸುಡೋದಾ, ಹೂಳೋದಾ? ಸನ್ಯಾಸಿ ಆಗಿದ್ರೆ ಸಮಾಧಿ ಮಾಡಬಹುದಿತ್ತು. ಅವರು ಸನ್ಯಾಸ ತಗೊಂಡವರಲ್ಲ. ಸಂಸಾರಿಯೂ ಅಲ್ಲ. ಅವರ ವಿಷಯ ಪೂರ್ತಿ ಗೊತ್ತಿರೋದು ನಿಮಗೊಬ್ಬರಿಗೆ."

"ಹೂಳಿ ಭಟ್ರೇ. ಅವರ ತಾಯಿ ತಂದೆಯ ಕಡೆ ಹೂಳೋದೇ ಕ್ರಮ. ಬರೀ ಬಿಳಿ ಬಟ್ಟೆ ಸುತ್ತಿ ಹೂಳ್ತಾರೆ," ಎಂದೆ.

ಠಾಣೆಯವರು ಬಂದು ನೋಡಿ ಹೋದ ಮೇಲೆ ಮಧ್ಯಾಹ್ನದ ಹೊತ್ತಿಗೆ, ಸ್ವಾಮಿಗಳ ಸಮಾಧಿಯ ಕೆಳಗಿನ ಇಳಿಜಾರಿನಲ್ಲಿ, ಹಾಲುವಾಣದ ಮರದ ಪಕ್ಕದಲ್ಲಿ ಅವರನ್ನು ಮಲಗಿಸಿದೆವು. ಅವರ ಕಡೆಯವರು ಎಂದು ಯಾರೂ ಇರಲಿಲ್ಲ. ಮಣ್ಣು ಹಾಕಿದವರೆಲ್ಲ ನಮ್ಮ ಊರಿನವರು.

ಭಟ್ಟರು ಹೇಳಿದಂತೆ ನನಗೆ ಅವರ ವಿಷಯ ಪೂರ್ತಿ ಗೊತ್ತಿಲ್ಲ. ಕೆಲವು ವರ್ಷ ನಾನು ಅವರ ಮತ್ತು ಅವರ ಗುರುಗಳ ನಡುವೆ ನಾಲಗೆಯಾಗಿದ್ದೆ, ಅಷ್ಟೇ. ಕಳಸದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದವಳಿಗೆ ಅಂಥದೊಂದು ಕೆಲಸ ಬಂದೀತೆಂದು ಯಾರು ಎಣಿಸಿದ್ದರು? ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಮ್ಮೆ ನಾನು ಬರೆಯುವ ಮಾತೆತ್ತಿದಾಗ, "ಬರೆಯಿರಿ, ಆದರೆ ಹೆಸರು ಹಾಕಬೇಡಿ. ಹೆಸರು ಹಾಕಿದರೆ ಜನ ನೋಡಲು ಬರುತ್ತಾರೆ, ನಾನೇನು ಜಲಪಾತವೇ?" ಎಂದಿದ್ದರು.

ಕಳಸದಿಂದ ಸಂಸೆಗೆ ಹೋಗುವ ರಸ್ತೆಯಲ್ಲಿ ಬಸ್ಸಿಳಿದು ಗುಡ್ಡ ಹತ್ತಿದರೆ ಸ್ವಾಮಿಗಳ ಆಶ್ರಮ. ಆಶ್ರಮ ಎಂದರೆ ನಾಲ್ಕು ಕೋಣೆಯ ಹೆಂಚಿನ ಮನೆ, ಒಂದು ದನದ ಕೊಟ್ಟಿಗೆ, ಭಟ್ಟರ ಅಡಿಗೆಮನೆ. ಸ್ವಾಮಿಗಳಿಗೆ ಕನ್ನಡ, ಸಂಸ್ಕೃತ, ತುಳು ಬರುತ್ತಿತ್ತು. ಪ್ರವಚನ ಮಾಡುವವರಲ್ಲ. ಹೋದವರಿಗೆ ಊಟ ಹಾಕಿಸುತ್ತಿದ್ದರು, ಕೇಳಿದ್ದಕ್ಕೆ ಉತ್ತರ ಗೊತ್ತಿದ್ದರೆ ಹೇಳುತ್ತಿದ್ದರು.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಕುದುರೆಮುಖದ ಗಣಿಯಲ್ಲಿ ಭಾರೀ ಪಂಪುಗಳನ್ನು ಕೂರಿಸಿಕೊಡಲು ಇಂಗ್ಲೆಂಡಿನಿಂದ ಬಂದಿದ್ದ ಈ ಮನುಷ್ಯ ಒಂದು ರಜೆಯ ದಿನ ಗುಡ್ಡ ಸುತ್ತುತ್ತಾ ಆಶ್ರಮದ ಹಿಂದಿನ ಕಾಲುದಾರಿಗೆ ಬಂದರು. ಅಲ್ಲಿ ಮುದುಕರೊಬ್ಬರು ಕಾವಿ ಪಂಚೆಯನ್ನು ಮೇಲಕ್ಕೆ ಕಟ್ಟಿ, ಅಬ್ಬಿಯ ಝರಿಯಿಂದ ನೀರು ತರುವ ಪೈಪಿನ ಒಡಕಿಗೆ ತೆಂಗಿನ ನಾರು ಸುತ್ತುತ್ತಾ ಪೂರ್ತಿ ಒದ್ದೆಯಾಗಿದ್ದರು. ಇವರು ಮಾತಿಲ್ಲದೆ ಪಕ್ಕದಲ್ಲಿ ಕೂತು ಪೈಪಿನ ಇನ್ನೊಂದು ತುದಿ ಹಿಡಿದರು. ಇಬ್ಬರಿಗೂ ಒಂದೇ ಒಂದು ಭಾಷೆ ಸಮಾನವಾಗಿ ಬರುತ್ತಿರಲಿಲ್ಲ. ಕೆಲಸ ಮುಗಿದ ಮೇಲೆ ಸ್ವಾಮಿಗಳು ಊಟಕ್ಕೆ ಕರೆದರಂತೆ. ಮುಂದಿನ ಭಾನುವಾರ ಇವರು ಮತ್ತೆ ಬಂದರು, ಅದರ ಮುಂದಿನ ವಾರವೂ ಬಂದರು. ಆಗ ಸ್ವಾಮಿಗಳು ನಮ್ಮ ಮನೆಗೆ ಜೀಪು ಕಳಿಸಿದರು.

"ಟೀಚರೇ, ಈ ಮನುಷ್ಯನ ಹೊಟ್ಟೆಯಲ್ಲಿ ಏನೋ ಇದೆ. ಅದನ್ನ ಕೇಳಿ ನನಗೆ ಹೇಳಬೇಕು. ನಾನು ಹೇಳಿದ್ದನ್ನ ಅವನಿಗೆ ಹೇಳಬೇಕು. ನೀವಾಗಿ ಸೇರಿಸೋದು ಬೇಡ, ಬಿಡೋದೂ ಬೇಡ," ಎಂದರು.

ಹೀಗೆ ನಾನು ಆ ಜಗಲಿಯಲ್ಲಿ ಇಬ್ಬರ ಮಧ್ಯೆ ಕೂತೆ.

ಆ ಮನುಷ್ಯನಿಗೆ ಆಗ ನಲವತ್ತು ದಾಟಿತ್ತು. ಉದ್ದನೆಯ ಆಳು, ಮುಂದಲೆ ಬೋಳು, ಉಗುರಿನ ಸಂದಿಯಲ್ಲಿ ಎಷ್ಟು ತೊಳೆದರೂ ಹೋಗದ ಗ್ರೀಸು. ಮಾತಾಡುವ ಮುಂಚೆ ಎರಡು ಅಂಗೈಗಳನ್ನೂ ಮಂಡಿಯ ಮೇಲೆ ಒರೆಸಿಕೊಳ್ಳುವ ಅಭ್ಯಾಸ. ಅವರು ಹೇಳತೊಡಗಿದರು. ತಾವು ಯಹೂದಿ. ತಂದೆ ತಾಯಿ ಪೋಲೆಂಡಿನವರು. ಯುದ್ಧದ ಕಾಲದಲ್ಲಿ ಜರ್ಮನ್ ಸೈನಿಕರು ಅಪ್ಪನ ಮೊದಲ ಹೆಂಡತಿಯನ್ನೂ ಪುಟ್ಟ ಮಕ್ಕಳನ್ನೂ ರೈಲಿಗೆ ತುಂಬಿಕೊಂಡು ಹೋದರು, ಅವರು ಹಿಂದಿರುಗಲಿಲ್ಲ. ಅಮ್ಮನ ಮನೆಯಲ್ಲಿ ಉಳಿದದ್ದು ಅಮ್ಮ ಒಬ್ಬಳೇ. ಎಲ್ಲ ಮುಗಿದ ಮೇಲೆ ಇಬ್ಬರೂ ಒಂದು ನಿರಾಶ್ರಿತರ ಶಿಬಿರದಲ್ಲಿ ಭೇಟಿಯಾಗಿ, ಮದುವೆಯಾಗಿ, ಇಂಗ್ಲೆಂಡಿಗೆ ಬಂದರು. ಅಲ್ಲಿ ಇವರು ಹುಟ್ಟಿದರು. ಮನೆಯಲ್ಲಿ ಅದರ ಬಗ್ಗೆ ಮಾತಾಡುತ್ತಿರಲಿಲ್ಲ. ಅಪ್ಪ ಪ್ರಾರ್ಥನೆ ಮಾಡುವುದನ್ನು ಬಿಟ್ಟಿದ್ದರು. ಅಮ್ಮ ಮಾತ್ರ ಶುಕ್ರವಾರ ಸಂಜೆ ದೀಪ ಹಚ್ಚುತ್ತಿದ್ದರು.

ಇಷ್ಟು ಹೇಳಿ ಅವರು ಕೇಳಿದರು, "ಆಗ ದೇವರು ಎಲ್ಲಿದ್ದ?"

ನಾನು ಕನ್ನಡದಲ್ಲಿ ಹೇಳಿದೆ.

"ನನಗೆ ಗೊತ್ತಿಲ್ಲ," ಎಂದರು ಸ್ವಾಮಿಗಳು.

ಇನ್ನೇನಾದರೂ ಹೇಳುತ್ತಾರೆಂದು ನಾನು ಕಾದೆ.

"ಅಷ್ಟೇ ಟೀಚರೇ. ಅದನ್ನೇ ಹೇಳಿ."

ನಾನು ಹೇಳಿದೆ. ಆ ಮನುಷ್ಯ ನನ್ನ ಮುಖ ನೋಡಿದರು, ಸ್ವಾಮಿಗಳ ಮುಖ ನೋಡಿದರು. ಆಮೇಲೆ ತಲೆ ತಗ್ಗಿಸಿ ಅಳುವುದಕ್ಕೆ ಶುರು ಮಾಡಿದರು. ಸಮಾಧಾನವಾದ ಮೇಲೆ ಹೇಳಿದರು: ಈ ಪ್ರಶ್ನೆ ಕೇಳುತ್ತಾ ಅರ್ಧ ಆಯುಷ್ಯ ಕಳೆದಿದ್ದೇನೆ. ನಮ್ಮ ಧರ್ಮದ ಪಂಡಿತರನ್ನು ಕೇಳಿದ್ದೇನೆ, ಪ್ರೊಫೆಸರುಗಳನ್ನು ಕೇಳಿದ್ದೇನೆ. ಉತ್ತರ ಭಾರತದ ಕಡೆ ಒಬ್ಬ ಸ್ವಾಮಿಯನ್ನೂ ಕೇಳಿದೆ. ಅವರೆಲ್ಲರ ಹತ್ತಿರವೂ ಉತ್ತರ ಇತ್ತು. ಆ ಸ್ವಾಮಿ ಅದು ಸತ್ತವರ ಪೂರ್ವಜನ್ಮದ ಕರ್ಮ ಎಂದರು, ಎದ್ದು ಬಂದುಬಿಟ್ಟೆ.

ಅದನ್ನು ಕೇಳಿ ಸ್ವಾಮಿಗಳು ಕಣ್ಣು ಮುಚ್ಚಿಕೊಂಡರು. "ಹಾಗಂದ್ರಾ?" ಎಂದು ಒಂದೇ ಮಾತು. ಆಮೇಲೆ ಆ ಮನುಷ್ಯನ ಕಡೆ ತಿರುಗಿ, "ಅದನ್ನೂ ಕೇಳಿಸಿಕೊಂಡು ಬಂದೆಯಲ್ಲ ಮಾರಾಯ," ಎಂದರು.

ಆ ಮನುಷ್ಯ ಅವತ್ತು ಅಲ್ಲೇ ಉಳಿದುಕೊಂಡರು. ಕೆಲಸದ ಕರಾರು ಮುಗಿದದ್ದೇ ರಾಜೀನಾಮೆ ಕೊಟ್ಟು ಪೂರ್ತಿಯಾಗಿ ಗುಡ್ಡಕ್ಕೆ ಬಂದುಬಿಟ್ಟರು.

ಬಂದ ಹೊಸತರಲ್ಲಿ ಒಂದು ದಿನ ನನ್ನನ್ನು ಪಕ್ಕಕ್ಕೆ ಕರೆದು ಗಂಭೀರವಾಗಿ ಕೇಳಿದರು, "ಗುರುಗಳು ನನಗೊಂದು ಹೆಸರು ಕೊಟ್ಟಿದ್ದಾರೆ. ಅದರ ಅರ್ಥ ಹೇಳಬೇಕು. ಮಾರಾಯ." ನನಗೆ ನಗು ತಡೆಯಲಾಗಲಿಲ್ಲ. ಅದು ಹೆಸರಲ್ಲ, ನಮ್ಮ ಕಡೆ ಎಲ್ಲರನ್ನೂ ಹಾಗೇ ಕರೆಯುತ್ತಾರೆ, ಜೀಪಿನ ಡ್ರೈವರನ್ನೂ, ಕೆಲವು ಸಲ ಎಮ್ಮೆಯನ್ನೂ ಎಂದೆ. ಅವರು ಸ್ವಲ್ಪ ಯೋಚಿಸಿ, "ಹಾಗಾದರೆ ಇನ್ನೂ ಒಳ್ಳೆಯದು," ಎಂದರು.

ಊರಿನವರು ಇಂಜಿನಿಯರು ಎಂದೇ ಕರೆದರು. ಅಕ್ಕಪಕ್ಕದ ಎಸ್ಟೇಟಿನ ಲೆಕ್ಕ ನೋಡುವ ರೈಟರುಗಳು ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಕೆಟ್ಟರೆ ಅವರಿಗೆ ಹೇಳಿ ಕಳಿಸುತ್ತಿದ್ದರು. ವರ್ಷಕ್ಕೊಮ್ಮೆ ವೀಸಾ ಸಲುವಾಗಿ ಚಿಕ್ಕಮಗಳೂರಿನ ಕಚೇರಿಗೆ ಹೋಗಬೇಕಿತ್ತು. ಒಂದು ಸಲ ನಾನೂ ಜೊತೆಗೆ ಹೋಗಿದ್ದೆ. ಧರ್ಮ ಯಾವುದೆಂದು ಕೇಳಿದ ಗುಮಾಸ್ತರು "ಯಹೂದಿ ಅಂದ್ರೆ ಕ್ರಿಶ್ಚಿಯನ್ನಾ ಮೇಡಂ?" ಎಂದರು. ಅಲ್ಲ ಎಂದೆ. "ಮತ್ತೆ ಇಲ್ಲಿ ಹಿಂದೂ ಸ್ವಾಮಿಗಳ ಶಿಷ್ಯ ಅಂತಿದೆ?" ನನ್ನ ಉತ್ತರಕ್ಕೆ ಕಾಯದೆ ಇಂಜಿನಿಯರು ತಮ್ಮ ಹೊಸ ಕನ್ನಡದಲ್ಲಿ, "ಎರಡೂ ಹೌದು ಸಾರ್," ಎಂದರು. ಗುಮಾಸ್ತರು ನಕ್ಕು ಮೊಹರು ಒತ್ತಿದರು.

ಎರಡೂ ಹೌದು ಎನ್ನುವುದನ್ನು ಅವರಿಗೆ ಕಲಿಸಿದ್ದು ಸ್ವಾಮಿಗಳೇ. ಮೊದಮೊದಲು ಅವರು ಹಳೆಯದನ್ನೆಲ್ಲ ಕೊಡವಿಕೊಳ್ಳುವ ಆತುರದಲ್ಲಿದ್ದರು. ತಲೆ ಬೋಳಿಸಿಕೊಳ್ಳಬೇಕು, ಕಾವಿ ಉಡಬೇಕು, ಹೆಸರು ಬದಲಿಸಿಕೊಳ್ಳಬೇಕು. ಸ್ವಾಮಿಗಳು ಯಾವುದಕ್ಕೂ ಹೂಂ ಅನ್ನಲಿಲ್ಲ. "ಶುಕ್ರವಾರ ನಿಮ್ಮಮ್ಮ ದೀಪ ಹಚ್ಚುತ್ತಿದ್ದರು ಅಂದೆಯಲ್ಲ, ಇಲ್ಲಿ ಯಾಕೆ ಹಚ್ಚಿಲ್ಲ?" ಎಂದು ಕೇಳಿದರು. ಅದು ಹೆಂಗಸರು ಮಾಡುವುದು ಎಂದರು ಇವರು. "ಇಲ್ಲಿ ಹೆಂಗಸರಿಲ್ಲ. ನೀನೇ ಹಚ್ಚು." ಅಂದಿನಿಂದ ಪ್ರತಿ ಶುಕ್ರವಾರ ಸಂಜೆ ಭಟ್ಟರ ಅಡಿಗೆಮನೆಯ ಕಿಟಕಿಯಲ್ಲಿ ಎರಡು ಹಣತೆ ಉರಿಯುತ್ತಿದ್ದವು.

ಸನ್ಯಾಸ ಕೊಡಿ ಎಂದು ಅವರು ಕೇಳುವುದನ್ನೇನೂ ಬಿಡಲಿಲ್ಲ. ಅಪ್ಪ ತೀರಿಕೊಂಡಿದ್ದರು. ತಾಯಿ ಇದ್ದರು. ಸ್ವಾಮಿಗಳದ್ದು ಒಂದೇ ಮಾತು: "ತಾಯಿ ಒಪ್ಪಬೇಕು. ನಾನು ನನ್ನ ತಾಯಿ ಹತ್ತಿರ ಕೇಳಿಕೊಂಡೇ ಬಂದವನು. ನಿನಗೆ ಬೇರೆ ಕಾನೂನು ಇಲ್ಲ."

ಹೀಗೆ ಆ ತಾಯಿ ಬಂದರು.

ಕಾಫಿ ಕೊಯ್ಲಿನ ಕಾಲ. ಆಶ್ರಮದ ಮೆಟ್ಟಿಲು ಹತ್ತಿ ಇಳಿಯುವುದು ಅವರಿಂದ ಆಗದೆಂದು ನಮ್ಮ ಮನೆಯಲ್ಲೇ ಇಳಿಸಿಕೊಂಡೆವು. ಸಣ್ಣ ಆಕಾರದ, ನೆಟ್ಟಗೆ ಕೂರುವ ಹೆಂಗಸು. ಯಾವುದಕ್ಕೂ ಸುಮ್ಮನೆ ಹೊಗಳುವವರಲ್ಲ. ನಮ್ಮ ಅಂಗಳದಲ್ಲಿ ಕಾಫಿ ಒಣಗಿಸುವುದನ್ನು ನೋಡಿ ಎರಡನೆಯ ದಿನವೇ ಅಂಗಿಯ ತೋಳು ಮಡಚಿಕೊಂಡು ಕಾಫಿ ಕೆದಕುವ ಹಲುಬೆ ಹಿಡಿದು ನಿಂತರು. ಆಗ ನಮ್ಮ ಅತ್ತೆಯವರ ಕಣ್ಣಿಗೆ ಅವರ ಮುಂಗೈ ಮೇಲಿನ ನೀಲಿ ಗುರುತು ಬಿತ್ತು.

"ಇವರಲ್ಲೂ ಹಚ್ಚೆ ಹಾಕಿಸ್ತಾರಾ ಮಾರಾಯ್ತಿ?" ಎಂದು ಅತ್ತೆ ನನ್ನನ್ನು ಕೇಳಿ, ಖುಷಿಯಿಂದ ತಮ್ಮ ಕೈ ಮುಂದೆ ಚಾಚಿ, ಹುಡುಗಿಯಾಗಿದ್ದಾಗ ಹಾಕಿಸಿಕೊಂಡ ತುಳಸಿಕಟ್ಟೆಯ ಹಚ್ಚೆ ತೋರಿಸಿದರು.

ಅದು ಅಂಕಿಗಳೆಂದು ನನಗೆ ಕಂಡಿತ್ತು. ಏನೆಂದು ಅನುವಾದಿಸಲಿ? ಸೇರಿಸುವುದು ಬೇಡ, ಬಿಡುವುದೂ ಬೇಡ ಎಂದು ಕಲಿತಿದ್ದೆನಲ್ಲ, ಕೇಳಿದಂತೆಯೇ ಕೇಳಿದೆ. ಆಕೆ ಅತ್ತೆಯ ಹಚ್ಚೆಯ ಮೇಲೆ ಬೆರಳಾಡಿಸಿ ನೋಡಿದರು. "ನಿಮ್ಮದು ಚೆನ್ನಾಗಿದೆ. ನಾನು ಹಾಕಿಸಿಕೊಂಡದ್ದಲ್ಲ, ಸೆರೆಶಿಬಿರದಲ್ಲಿ ಅವರು ಹಾಕಿದ್ದು. ಆಮೇಲೆ ನಮ್ಮನ್ನು ಹೆಸರಿನಿಂದ ಕರೆಯಲಿಲ್ಲ," ಎಂದರು.

ಅದನ್ನು ಕೇಳಿದ ಅತ್ತೆ ಆ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡು ಕಾಫಿ ರಾಶಿಯ ಪಕ್ಕದಲ್ಲೇ ಕೂತುಬಿಟ್ಟರು.

ಅವರನ್ನು ಡೋಲಿಯಂತೆ ಒಂದು ಕುರ್ಚಿಯಲ್ಲಿ ಕೂರಿಸಿ ಆಶ್ರಮಕ್ಕೆ ಹತ್ತಿಸಿದ್ದು ಒಂದು ಶುಕ್ರವಾರ. ಸ್ವಾಮಿಗಳು ಜಗಲಿಯಿಂದ ಇಳಿದು ಬಂದು ಕೈಮುಗಿದರು. ಮೂವರೂ ಕೂತರು, ಮಧ್ಯೆ ನಾನು. ಮಗ ದೂರದಲ್ಲಿ ಕಂಬಕ್ಕೆ ಒರಗಿ ನಿಂತಿದ್ದರು.

"ತಾಯೀ, ನಿಮ್ಮ ಮಗ ಸನ್ಯಾಸ ಕೇಳುತ್ತಿದ್ದಾನೆ. ನೀವು ಒಪ್ಪಿದರೆ ಕೊಡುತ್ತೇನೆ," ಎಂದರು ಸ್ವಾಮಿಗಳು.

"ಸನ್ಯಾಸ ಎಂದರೆ ಏನೇನು ಹೋಗುತ್ತದೆ?"

"ಹಿಂದಿನದೆಲ್ಲ ಹೋಗುತ್ತದೆ. ಮನೆ, ಕುಲ, ಹೆಸರು."

ಆಕೆಯ ದನಿ ಏರಲಿಲ್ಲ. "ನನ್ನ ಅಪ್ಪ, ಅಮ್ಮ, ಅಣ್ಣಂದಿರು, ತಂಗಿ, ಎಲ್ಲರಿಂದಲೂ ಅದನ್ನೇ ಕಿತ್ತುಕೊಂಡರು. ಮನೆ, ಕುಲ, ಹೆಸರು. ಇವನಿಗೆ ನಾನು ಇಟ್ಟದ್ದು ನನ್ನ ಅಪ್ಪನ ಹೆಸರು. ಆ ಹೆಸರಿನಿಂದ ಕರೆಸಿಕೊಳ್ಳುವವನು ಈ ಲೋಕದಲ್ಲಿ ಇನ್ನು ಇವನೊಬ್ಬನೇ. ನೀವು ಒಳ್ಳೆಯವರು ಎಂದು ಕಾಣುತ್ತದೆ. ಆದರೆ ಒಳ್ಳೆಯವರ ಕೈಗೂ ನಾನು ಅದನ್ನು ಕೊಡುವುದಿಲ್ಲ."

ಒಂದೊಂದೇ ವಾಕ್ಯವಾಗಿ ಹೇಳಿದೆ. ಸ್ವಾಮಿಗಳು ಎದ್ದು ನಿಂತರು. ಮಗನ ಕಡೆ ತಿರುಗಿ ಅವರ ಹುಟ್ಟು ಹೆಸರನ್ನೇ ಹಿಡಿದು, ನಮ್ಮ ನಾಲಗೆಗೆ ಬಗ್ಗುವ ಹಾಗೆ, ಕರೆದರು. "ಕೇಳಿಸಿತಲ್ಲ? ಇದು ನಾನು ಮುಟ್ಟುವಂಥ ಹೆಸರಲ್ಲ."

ಮಗನ ಮುಖ ಬಿಳುಚಿತ್ತು. ಹೊತ್ತು ಮುಳುಗುವ ಸಮಯವಾಗಿತ್ತು, ಒಳಗೆ ಹೋಗಿ ಕಿಟಕಿಯಲ್ಲಿ ಎರಡು ಹಣತೆ ಹಚ್ಚಿದರು. ತಾಯಿ ಬಾಗಿಲಲ್ಲಿ ನಿಂತು ನೋಡಿದರು. ಇದನ್ನು ಮಾಡಲು ಯಾರು ಹೇಳಿದರು ಎಂದು ಇಂಗ್ಲಿಷಿನಲ್ಲಿ ಕೇಳಿದರು. ಮಗ ಸ್ವಾಮಿಗಳ ಕಡೆ ಕೈ ತೋರಿಸಿದರು. ಆಕೆ ಆ ದೀಪದ ಮೇಲೆ ಕೈಯಾಡಿಸಿ ಕಣ್ಣು ಮುಚ್ಚಿಕೊಂಡರು. ಆದರೂ ಇಳಿದು ಬರುವಾಗ ನನಗೆ ಹೇಳಿದ್ದು ಒಂದೇ: "ನನ್ನ ಉತ್ತರ ಬದಲಾಗಿಲ್ಲ."

ಆಕೆ ಹೊರಡುವ ಮೊದಲು ಸ್ವಾಮಿಗಳು ಶಿಷ್ಯನನ್ನು ಕರೆದು, "ನೀನೂ ಹೊರಡು. ಅವರ ಜೊತೆ ಇರು," ಎಂದರು. ಎಷ್ಟು ದಿನ ಎಂದು ಇವರು ಕೇಳಿದರು. "ಅವರಿರುವವರೆಗೆ. ಹೋದವರು ವಾಪಸು ಬರಲಿಲ್ಲ ಅನ್ನೋದನ್ನ ಆ ಹೆಂಗಸು ಸಾಕಷ್ಟು ನೋಡಿದ್ದಾರೆ."

"ಅಷ್ಟರಲ್ಲಿ ನಿಮಗೆ ಏನಾದರೂ ಆದರೆ?"

"ಆಗುತ್ತೆ. ವಯಸ್ಸಾಗಿದೆಯಲ್ಲ ಮಾರಾಯ."

ಆ ಹೊತ್ತಿಗೆ ಅವರ ನಡುವೆ ನನ್ನ ಅಗತ್ಯ ಇರಲಿಲ್ಲ. ಇವರಿಗೆ ಕನ್ನಡ ಬಂದಿತ್ತು. ಸುಮ್ಮನೆ ಸಾಕ್ಷಿಯಂತೆ ಕೂತಿದ್ದೆ. ಅವರು ಗುರುಗಳ ಕಾಲಿಗೆ ಬಿದ್ದು ಬಹಳ ಹೊತ್ತು ಏಳಲಿಲ್ಲ. ಮಾರನೆಯ ದಿನ ತಾಯಿಯನ್ನು ಕರೆದುಕೊಂಡು ಮಂಗಳೂರಿನ ಬಸ್ಸು ಹತ್ತಿದರು.

ಇಂಗ್ಲೆಂಡಿನಲ್ಲಿ ಒಂದು ಬಟ್ಟೆ ಗಿರಣಿಯಲ್ಲಿ ಯಂತ್ರ ನೋಡಿಕೊಳ್ಳುವ ಕೆಲಸ ಹಿಡಿದರು. ಆಗಾಗ ನಮ್ಮ ಮನೆಗೆ ಫೋನು ಮಾಡಿ ಸ್ವಾಮಿಗಳ ಆರೋಗ್ಯ ಕೇಳುತ್ತಿದ್ದರು. ಅತ್ತೆಗೆ ಆ ತಾಯಿಯ ಯೋಗಕ್ಷೇಮ ಬೇಕು. ವರ್ಷಗಳು ಹೋದವು. ಎರಡು ಸಾವಿರದ ಇಸವಿ ದಾಟಿದ ಮೇಲೆ ಸ್ವಾಮಿಗಳು ಹಾಸಿಗೆ ಹಿಡಿದರು. ಬರಲೇ ಎಂದು ಇವರು ಕೇಳಿದರು. ನಾನು ಗುಡ್ಡ ಹತ್ತಿ ಹೋಗಿ ಸ್ವಾಮಿಗಳನ್ನು ಕೇಳಿದೆ.

"ತಾಯಿ ಹೇಗಿದ್ದಾರಂತೆ?"

"ನಡೆಯಲು ಆಗುತ್ತಿಲ್ಲವಂತೆ."

"ಹಾಗಾದರೆ ಬೇಡ ಅನ್ನಿ."

ಆ ಬೇಡ ಎಂಬ ಮಾತನ್ನು ಫೋನಿನಲ್ಲಿ ಅವರಿಗೆ ತಲುಪಿಸಿದ್ದು ನಾನೇ. ಸ್ವಲ್ಪ ದಿನಗಳ ಮೇಲೆ ಸ್ವಾಮಿಗಳು ತೀರಿಕೊಂಡ ಸುದ್ದಿ ಹೇಳಿದ್ದೂ ನಾನೇ. ಅವರು ಅಳಲಿಲ್ಲ. "ಕೊನೆಗೆ ಏನಾದರೂ ಹೇಳಿದರೇ?" ಎಂದರು. ಏನೂ ಹೇಳಿರಲಿಲ್ಲ. ಇಲ್ಲ ಎಂದೆ. "ಸರಿ. ಅಮ್ಮನಿಗೆ ಊಟ ಕೊಡುವ ಹೊತ್ತು," ಎಂದು ಫೋನು ಇಟ್ಟರು.

ಅದಾಗಿ ಕೆಲವು ತಿಂಗಳಿಗೆ ಒಂದು ಸಂಜೆ ಫೋನು ಬಂದಾಗ ಆ ಕಡೆ ಮಗನಲ್ಲ, ತಾಯಿಯೇ ಇದ್ದರು. ದನಿ ಬಹಳ ಸೋತಿತ್ತು. "ಆ ಮುದುಕರಿಗೆ ಹೇಳಿ. ನಾನು ಯೋಚನೆ ಮಾಡಿದ್ದೇನೆ. ನನ್ನ ಮಗ ಇಷ್ಟು ವರ್ಷ ನನ್ನ ಕೈ ಕಾಲು ತೊಳೆದಿದ್ದಾನೆ. ಅವನಿಗೆ ಏನು ಬೇಕೋ ಅದನ್ನು ಅವರು ಕೊಡಲಿ. ನನ್ನ ಒಪ್ಪಿಗೆ ಇದೆ."

ನಾನು ರಿಸೀವರ್ ಹಿಡಿದು ನಿಂತೆ. ಗುರುಗಳು ಹೋದದ್ದನ್ನು ಮಗ ಆಕೆಗೆ ಹೇಳಿಯೇ ಇರಲಿಲ್ಲ. ತನ್ನಿಂದಾಗಿ ತಡವಾಯಿತು ಎಂದು ಆಕೆ ನೊಂದುಕೊಳ್ಳಬಾರದೆಂದು ಹಾಗೆ ಮಾಡಿದ್ದರೆಂದು ಆಮೇಲೆ ತಿಳಿಯಿತು. ಆ ಗಳಿಗೆಯಲ್ಲಿ ಮಾತ್ರ, ನನ್ನ ಜೀವಮಾನದಲ್ಲಿ ಒಂದೇ ಸಲ, ನಾನು ಒಂದು ಮಾತನ್ನು ಬಿಟ್ಟೆ. "ಆಯಿತಮ್ಮ," ಎಂದೆ. ಇಂದಿಗೂ ಅದು ತಪ್ಪೆಂದು ನನಗೆ ಅನ್ನಿಸಿಲ್ಲ.

ಆಕೆ ತೀರಿಕೊಂಡ ಮೇಲೆ ಮಗ ಗುಡ್ಡಕ್ಕೆ ವಾಪಸು ಬಂದರು. ಕೂದಲು ಪೂರ್ತಿ ಹಣ್ಣಾಗಿತ್ತು. ಕುದುರೆಮುಖದಲ್ಲಿ ಗಣಿ ನಿಲ್ಲಿಸುವ ಮಾತು ನಡೆಯುತ್ತಿತ್ತು. ತಾವು ಕೂರಿಸಿದ ಪಂಪುಗಳನ್ನು ನೋಡಲು ಹೋಗುತ್ತೀರಾ ಎಂದು ಕೇಳಿದೆ. ಬೇಡ ಎಂದರು. ಘಟ್ಟದ ಕೆಳಗಿನ ಒಂದು ಮಠದ ಸ್ವಾಮಿಗಳು ಸುದ್ದಿ ತಿಳಿದು, ತಾಯಿಯ ಒಪ್ಪಿಗೆ ಇದ್ದರೆ ಸನ್ಯಾಸವನ್ನು ತಾವೇ ಕೊಡುವುದಾಗಿ ಹೇಳಿ ಕಳಿಸಿದರು. ಇವರು ಹೋಗಿ ನಮಸ್ಕಾರ ಮಾಡಿ ಬಂದರು, ಸನ್ಯಾಸ ಮಾತ್ರ ತೆಗೆದುಕೊಳ್ಳಲಿಲ್ಲ.

"ಯಾಕೆ?" ಎಂದೆ.

"ನಾನು ಕೇಳಿದ್ದು ನಮ್ಮ ಗುರುಗಳ ಹತ್ತಿರ. ಕೊಡದೆ ಹೋದರು. ಕೊಡದೆ ಇದ್ದದ್ದನ್ನೇ ಕೊಟ್ಟಿದ್ದಾರೆ ಎಂದು ಇಟ್ಟುಕೊಂಡಿದ್ದೇನೆ." ಮಂಡಿಯ ಮೇಲೆ ಅಂಗೈ ಒರೆಸಿಕೊಂಡರು. "ಕಷ್ಟ ಆಗುತ್ತದೆ ಟೀಚರ್. ಆಗುವುದಿಲ್ಲ ಎಂದು ಹೇಳಲಾರೆ."

ಬಿಳಿ ಪಂಚೆಯಲ್ಲೇ ಉಳಿದರು.

ಬಂದ ವರ್ಷವೇ, ತಾಯಿ ತೀರಿಕೊಂಡ ತಿಥಿ ಬಂತು. ಇವರು ಭಟ್ಟರನ್ನು ಕರೆದು, ತಮ್ಮಲ್ಲಿ ಸತ್ತವರಿಗಾಗಿ ಮಗ ಹೇಳಬೇಕಾದ ಪ್ರಾರ್ಥನೆ ಒಂದಿದೆ, ಅದನ್ನು ಒಬ್ಬನೇ ಹೇಳುವಂತಿಲ್ಲ, ಹತ್ತು ಜನ ಬೇಕು ಎಂದರು. ಅಪ್ಪ ತೀರಿಕೊಂಡಾಗ ಇವರು ಅದನ್ನು ಹೇಳಿರಲಿಲ್ಲವಂತೆ. ಯಾರಿಗೆ ಹೇಳಲಿ ಎಂದು ಸಿಟ್ಟಿನಲ್ಲಿ ಸಮಾಧಿಯ ಹತ್ತಿರ ಬಾಯಿ ಮುಚ್ಚಿ ನಿಂತಿದ್ದರಂತೆ. ಅಮ್ಮನಿಗೆ ಹೇಳುತ್ತೇನೆ ಎಂದರು. ನಿಯಮದ ಪ್ರಕಾರ ಆ ಹತ್ತು ಜನರೂ ಯಹೂದಿ ಗಂಡಸರೇ ಆಗಿರಬೇಕು ಎಂದರು. ಆದರೆ ಇಲ್ಲಿ ಎಲ್ಲಿಂದ ತರುವುದು?

ಭಟ್ಟರು ಅಷ್ಟೆಲ್ಲ ತಲೆ ಕೆಡಿಸಿಕೊಳ್ಳಲಿಲ್ಲ. ಜೀಪಿನ ಡ್ರೈವರು, ಪಕ್ಕದ ಎಸ್ಟೇಟಿನ ರೈಟರು, ಇಬ್ಬರು ಮೇಸ್ತ್ರಿಗಳು, ನಮ್ಮ ಯಜಮಾನರು, ಹಾಲು ಕರೆಯಲು ಬಂದವನು, ಹೀಗೆ ಸಿಕ್ಕವರನ್ನೆಲ್ಲ ಕರೆದು ಸ್ವಾಮಿಗಳ ಸಮಾಧಿಯ ಮುಂದೆ ನಿಲ್ಲಿಸಿದರು. ಬೆಳಗಿನ ಹೊತ್ತು. ಇವರು ಎಣಿಸಿ ನೋಡಿದರು. ತಾವೂ ಸೇರಿ ಒಂಬತ್ತೇ ಆಗಿತ್ತು. ಸಂಸೆಯಿಂದ ಬರಬೇಕಿದ್ದವರೊಬ್ಬರು ಬಂದಿರಲಿಲ್ಲ.

ಸ್ವಲ್ಪ ಕಾದೆವು. ಆಮೇಲೆ ಅವರು, ಹೂವಿನ ಗಿಡದ ಹತ್ತಿರ ದೂರ ನಿಂತಿದ್ದ ನನ್ನ ಕಡೆ ತಿರುಗಿದರು. "ಟೀಚರ್, ನೀವು ಬನ್ನಿ."

"ಗಂಡಸರೇ ಆಗಬೇಕು ಎಂದಿರಲ್ಲ?"

"ನಮ್ಮಪ್ಪನ ಊರಿನ ಕ್ರಮ ಹಾಗೆ. ಆದರೆ ಇಲ್ಲಿ ಎಣಿಸುವುದಕ್ಕೆ ಅವರು ಇದ್ದಿದ್ದರೆ," ಎಂದು ಸಮಾಧಿಯ ಕಡೆ ನೋಡಿ, "ನಿಮ್ಮಿಂದಲೇ ಶುರು ಮಾಡುತ್ತಿದ್ದರು."

ಹೋಗಿ ನಮ್ಮ ಯಜಮಾನರ ಪಕ್ಕದಲ್ಲಿ ನಿಂತೆ.

ನಡುನಡುವೆ ತಾವು ಕೈ ಎತ್ತಿದಾಗ ಎಲ್ಲರೂ ಆಮೆನ್ ಎನ್ನಬೇಕೆಂದು ಹೇಳಿಕೊಟ್ಟರು. ತಲೆಗೆ ಟವೆಲು ಹೊದ್ದುಕೊಂಡು, ನೆಟ್ಟಗೆ ನಿಂತು, ತಮ್ಮ ಧರ್ಮದ ಹಳೆಯ ಭಾಷೆಯಲ್ಲಿ ಶುರು ಮಾಡಿದರು. ಮೊದಲ ಸಾಲಿಗೇ ದನಿ ನಿಂತಿತು. ಮತ್ತೆ ಮೊದಲಿನಿಂದ ಹೇಳಿದರು. ಯಾರಿಗೂ ಒಂದಕ್ಷರ ಅರ್ಥವಾಗಲಿಲ್ಲ. ನಾವು ಒಬ್ಬರು ಮುಂದೆ ಒಬ್ಬರು ಹಿಂದೆ, ತಡವರಿಸುತ್ತಾ, ಆಮೆನ್ ಎನ್ನುತ್ತಿದ್ದೆವು. ಡ್ರೈವರು ಎರಡು ಸಲ ತಪ್ಪು ಜಾಗದಲ್ಲಿ ಹೇಳಿದ. ಚಿಕ್ಕ ಪ್ರಾರ್ಥನೆ, ಬೇಗ ಮುಗಿಯಿತು. ಅವರು ಮುಖ ಒರೆಸಿಕೊಂಡರು.

"ಇದರಲ್ಲಿ ಏನಂತ ಬರುತ್ತೆ?" ಎಂದು ಭಟ್ಟರು ಕೇಳಿದರು.

"ಸತ್ತವರ ಬಗ್ಗೆ ಒಂದು ಮಾತೂ ಇಲ್ಲ ಭಟ್ರೇ. ಸಾವು ಎನ್ನುವ ಶಬ್ದವೇ ಇಲ್ಲ. ದೇವರು ದೊಡ್ಡವನು, ಅವನ ಹೆಸರು ದೊಡ್ಡದು ಎಂದು ಹೊಗಳುವುದು, ಅಷ್ಟೇ."

ಭಟ್ಟರು ತಲೆದೂಗಿದರು. ಹೆಗಲ ಮೇಲಿನ ವಸ್ತ್ರ ತೆಗೆದು ಮತ್ತೆ ಹಾಕಿಕೊಂಡು, ಸಮಾಧಿಯನ್ನೊಮ್ಮೆ ನೋಡಿದರು.

"ಹಾಗಿದ್ರೆ ಇನ್ನೊಂದ್ಸಲ ಹೇಳಿ. ಸ್ವಾಮಿಗಳಿಗೆ ಹೇಳೋಕೆ ಮಕ್ಕಳು ಯಾರೂ ಇರಲಿಲ್ಲ."

ಅವರು ಸಮಾಧಿಯ ಕಡೆ ತಿರುಗಿ, ಟವೆಲನ್ನು ಮತ್ತೆ ತಲೆಯ ಮೇಲೆ ಎಳೆದುಕೊಂಡು, ಮೊದಲಿನಿಂದ ಆರಂಭಿಸಿದರು. ಈ ಸಲ ಅವರು ಕೈ ಎತ್ತಲಿಲ್ಲ. ಎತ್ತಬೇಕಾಗಿಯೂ ಬರಲಿಲ್ಲ. ಎಲ್ಲಿ ಆಮೆನ್ ಎನ್ನಬೇಕೆಂದು ನಮಗೆಲ್ಲ ಗೊತ್ತಿತ್ತು.